ಬುತ್ತಿ ಕಟ್ಟಿದ ಉತ್ತರಗಳು

ಬಾಳವ್ವ ಆಯಿ ನನ್ನನ್ನು ಮೊದಲ ಸಲ ಬೈದದ್ದು ಒಂದು ಸೋಮವಾರ ಮಧ್ಯಾಹ್ನ. ದೊಡ್ಡ ಬೈಗುಳವೇನಲ್ಲ. ಮೈಕನ್ನು ಬದಿಗೆ ಸರಿಸಿ, ಒಣಗಿದ ತುಟಿಯನ್ನು ಸೆರಗಿನಿಂದ ಒರೆಸಿಕೊಂಡು, "ಕಸ್ತೂರಿ, ಈಗ ಹೇಳಿದ್ದನ್ನ ನಿನ್ನ ಯಂತ್ರ ಮತ್ತ ಯಾಕ ಕೇಳ್ತೈತಿ? ಅದಕ್ಕ ಕಿವಿ ಇಲ್ಲೋ, ತಲಿ ಇಲ್ಲೋ?" ಎಂದಳು. ನಾಲ್ಕನೇ ವಾರ್ಡಿಗೆ ನೀರು ಯಾವಾಗ ಬಿಡುತ್ತಾರೆ ಎಂಬ ಒಂದೇ ಪ್ರಶ್ನೆಗೆ ಅವತ್ತು ಬೆಳಗಿನಿಂದ ಎಪ್ಪತ್ತಮೂರು ಸಲ ಉತ್ತರ ಕೊಟ್ಟಿದ್ದಳು. ಎಣಿಸಿದ್ದು ನಾನಲ್ಲ, ಅವಳೇ. ಅವಳ ಎಣಿಕೆ ತಪ್ಪುತ್ತಿರಲಿಲ್ಲ.

ಆ ಊರಿನಲ್ಲಿ ಬರಹ ನಿಲ್ಲುತ್ತಿರಲಿಲ್ಲ. ಎಲ್ಲ ಬರಹವೂ ಅಲ್ಲ, ಊರಿನ ಮನುಷ್ಯರ ಹೆಸರು ಹೊತ್ತ ಬರಹ ಮಾತ್ರ. ಎಂಟು ದಿನ ದಾಟುವುದರೊಳಗೆ ಶಾಯಿ ತೆಳುವಾಗಿ, ಬೂದಿಯಾಗಿ, ಕೊನೆಗೆ ಕಾಗದವಷ್ಟೇ ಉಳಿಯುತ್ತಿತ್ತು. ಶಾಲೆಯ ಹಾಜರಿ ಪುಸ್ತಕವನ್ನು ಮಾಸ್ತರರು ಪ್ರತಿ ಸೋಮವಾರ ಹೊಸದಾಗಿ ಬರೆಯುತ್ತಿದ್ದರು. ಮದುವೆ ಕಾರ್ಡುಗಳನ್ನು ಲಗ್ನಕ್ಕೆ ಆರು ದಿನ ಇರುವಾಗ ಅಚ್ಚು ಹಾಕಿಸಿ ಒಂದೇ ದಿನದಲ್ಲಿ ಹಂಚಿ ಮುಗಿಸುತ್ತಿದ್ದರು. ಪಾತ್ರೆ ಅಂಗಡಿಯವನು ಕೊಡಗಳ ಮೇಲೆ ಹೆಸರು ಕೊರೆಯುತ್ತಿರಲಿಲ್ಲ, ಒಂದೊಂದು ಮನೆಗೆ ಒಂದೊಂದು ಗುರುತು ಹಾಕುತ್ತಿದ್ದ: ಒಬ್ಬರಿಗೆ ನವಿಲು, ಇನ್ನೊಬ್ಬರಿಗೆ ಬಾಳೆಗೊನೆ. ಸ್ಮಶಾನದ ಕಲ್ಲುಗಳೆಲ್ಲ ಬೋಳು. ತಮ್ಮವರು ಎಲ್ಲಿದ್ದಾರೆಂದು ಬೇವಿನ ಮರದಿಂದ ಹೆಜ್ಜೆ ಎಣಿಸಿ ತಿಳಿಯುತ್ತಿದ್ದರು. ಮೊಬೈಲಿನಲ್ಲಿ ಇಟ್ಟುಕೊಂಡ ನಂಬರು ಹೆಸರಿನ ಜೊತೆಗೇ ಹೋಗಿಬಿಡುತ್ತಿತ್ತು. ನಾನು ಈಗ ಬೇರೆ ಊರಿನಲ್ಲಿದ್ದೇನೆ. ಹಾಗಾಗಿ ಇದನ್ನು ಬರೆದಿಡಲು ಆಗುತ್ತಿದೆ.

ಊರು ನಡೆಯುತ್ತಿದ್ದದ್ದು ಬಾಳವ್ವನ ತಲೆಯ ಮೇಲೆ. ಅವಳ ಕಿವಿಗೆ ಒಮ್ಮೆ ಬಿದ್ದದ್ದು ಹೋಗುತ್ತಿರಲಿಲ್ಲ. ಪುರಸಭೆಯ ಮಹಡಿಯ ಮೇಲೆ, ಇಪ್ಪತ್ತೆರಡು ಮೆಟ್ಟಿಲು ಹತ್ತಿದರೆ ಸಿಗುವ ಕೋಣೆಯಲ್ಲಿ ಅವಳು ಗಾದಿ ಹಾಕಿಕೊಂಡು ಕೂತು ನಲವತ್ತೆಂಟು ವರ್ಷವಾಗಿತ್ತು. ಮಗು ಹುಟ್ಟಿದರೆ ಬಂದು ಹೇಳಿಹೋಗುತ್ತಿದ್ದರು, ಮನೆ ಬದಲಿಸಿದರೆ ಹೇಳಿಹೋಗುತ್ತಿದ್ದರು, ಯಾವ ಮಗುವಿಗೆ ಯಾವ ಚುಚ್ಚುಮದ್ದು ಆಯಿತೆಂದು ನರ್ಸ್ ಬಂದು ಹೇಳಿಹೋಗುತ್ತಿದ್ದಳು. ಬೇಕಾದಾಗ ಬಂದು ಕೇಳುತ್ತಿದ್ದರು. ಹೇಳದೆ ಇದ್ದದ್ದು ಅವಳಿಗೆ ಗೊತ್ತಾಗುತ್ತಿರಲಿಲ್ಲ, ಅವಳಲ್ಲಿ ಮಂತ್ರತಂತ್ರ ಏನೂ ಇರಲಿಲ್ಲ. ಆದರೆ ಯಾರು ಯಾವಾಗ ಏನು ಕೇಳಿದರು ಎಂಬುದೂ ಅವಳಲ್ಲಿ ಉಳಿಯುತ್ತಿತ್ತು. "ಕೇಳಿದ್ದೂ ಒಂದು ಸುದ್ದಿನ ಅಲ್ಲೇನು?" ಎನ್ನುತ್ತಿದ್ದಳು.

ಇದರಿಂದ ಊರಿನಲ್ಲಿ ಒಂದು ರೂಢಿ ಬೆಳೆದಿತ್ತು. ಜಗಳವಾಡಿ ಮಾತು ಬಿಟ್ಟವರು ಒಬ್ಬರ ಬಾಗಿಲಿಗೆ ಒಬ್ಬರು ಹೋಗಲು ನಾಚುತ್ತಿದ್ದರು. ಹೋಗಿ ಬಾಳವ್ವನನ್ನು ಕೇಳುತ್ತಿದ್ದರು: "ಅವ್ರು ನನ್ನ ವಿಚಾರಿಸ್ಯಾರೇನು ಆಯಿ?" ಹೌದು ಎಂದರೆ ಸಂಜೆಗೆ ಒಂದು ಡಬ್ಬಿ ಉಂಡಿ ಕಟ್ಟಿಕೊಂಡು ಆ ಮನೆಗೆ ಹೋಗುತ್ತಿದ್ದರು. ಇಲ್ಲ ಎಂದರೆ ಮನೆಗೆ ಮರಳಿ, ಮರುದಿನವೋ ಮರುವಾರವೋ ಮತ್ತೆ ಮೆಟ್ಟಿಲು ಹತ್ತುತ್ತಿದ್ದರು.

ನಾನು ಪುರಸಭೆಯಲ್ಲಿ ಕಂಪ್ಯೂಟರ್ ಕೆಲಸದವಳು. ನನಗಾಗ ನಲವತ್ನಾಲ್ಕು. ಮುಖ್ಯಾಧಿಕಾರಿ ರಾಚಯ್ಯನವರು ಒಂದು ದಿನ ಕರೆದು, ಮೆಟ್ಟಿಲ ಮೇಲಿನ ಪಾಳಿ ರಸ್ತೆಗೆ ಬಂದಿದೆ, ವಯಸ್ಸಾದವರು ಬಿಸಿಲಿನಲ್ಲಿ ನಿಲ್ಲುತ್ತಿದ್ದಾರೆ, ಇದಕ್ಕೊಂದು ವೆಬ್‌ಸೈಟು ಮಾಡಿ ಎಂದರು. ಮಾಡಿದೆ. ಜನ ಮೊಬೈಲಿನಲ್ಲಿ ಪ್ರಶ್ನೆ ಬರೆಯುತ್ತಿದ್ದರು. ಮೇಲಿನ ಕೋಣೆಯಲ್ಲಿ ಒಂದು ಸಣ್ಣ ಸ್ಪೀಕರ್ ಅದನ್ನು ಓದಿ ಹೇಳುತ್ತಿತ್ತು. ಬಾಳವ್ವ ಮೈಕಿಗೆ ಉತ್ತರ ಹೇಳುತ್ತಿದ್ದಳು. ಆ ಮಾತು ಅಕ್ಷರವಾಗಿ ಕೇಳಿದವರ ಮೊಬೈಲಿಗೆ ಹೋಗುತ್ತಿತ್ತು. ದಸರಾದ ದಿನ ಶುರುಮಾಡಿದೆವು. ರಾಚಯ್ಯನವರು ಪೇಢೆ ಹಂಚಿದರು.

ಮೆಟ್ಟಿಲಿನ ಕಾಲದಲ್ಲಿ ದಿನಕ್ಕೆ ಅರವತ್ತು ಪ್ರಶ್ನೆ ಬರುತ್ತಿದ್ದವು. ಮೊಬೈಲಿನ ಕಾಲದಲ್ಲಿ ಒಂಬೈನೂರಾದವು. ಜನ ಹಾಸಿಗೆಯಲ್ಲಿ ಮಲಗಿಕೊಂಡು ಕೇಳಿದರು, ಬಸ್ಸಿನಲ್ಲಿ ಜೋತುಬಿದ್ದುಕೊಂಡು ಕೇಳಿದರು, ಸುಮ್ಮನೆ ಕೈ ಖಾಲಿ ಇತ್ತೆಂದು ಕೇಳಿದರು. ಬಾಳವ್ವ ಎರಡು ತಿಂಗಳಲ್ಲಿ ಇಳಿದುಹೋದಳು. ರೊಟ್ಟಿ ಅರ್ಧ ತಿಂದು ಬಿಡುತ್ತಿದ್ದಳು. ಗಂಟಲಿಗೆ ಜ್ಯೇಷ್ಠಮಧು ಕಚ್ಚಿಕೊಂಡು ಕೂರುತ್ತಿದ್ದಳು. ನಾನು ಕೆಳಗಿನ ಕೋಣೆಯಲ್ಲಿ ಕೂತು ಮೇಲಿನ ದನಿ ಕೇಳುತ್ತಿದ್ದೆ. ಮುಂಜಾನೆಗಿಂತ ಸಂಜೆ ಅದು ಇನ್ನಷ್ಟು ತೆಳುವಾಗಿರುತ್ತಿತ್ತು.

ಆ ಸೋಮವಾರ ಅವಳು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು, ಹೇಳಲು ನಾಚಿಕೆಯಾಯಿತು. ಇಂಥ ಪ್ರೋಗ್ರಾಮುಗಳು ಇರುವುದೇ ಹಾಗೆ. ಒಂದು ಪ್ರಶ್ನೆ ಬಂದರೆ ಹುಟ್ಟುತ್ತವೆ, ಬೇಕಾದ್ದನ್ನೆಲ್ಲ ಮೊದಲಿನಿಂದ ಜೋಡಿಸಿಕೊಳ್ಳುತ್ತವೆ, ಉತ್ತರ ತಂದುಕೊಡುತ್ತವೆ, ಅಲ್ಲಿಗೆ ಸಾಯುತ್ತವೆ. ಮುಂದಿನ ಪ್ರಶ್ನೆಗೆ ಹುಟ್ಟುವುದು ಬೇರೆಯದೇ. ಹಿಂದಿನದು ಏನು ಕೇಳಿತ್ತು, ಏನು ತಿಳಿದಿತ್ತು ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಅರ್ಧ ನಿಮಿಷದ ಹಿಂದೆ ಕೈಯಲ್ಲಿದ್ದ ಉತ್ತರಕ್ಕಾಗಿ ಮತ್ತೆ ಬಾಳವ್ವನ ಮುಂದೆ ಹೋಗಿ ನಿಲ್ಲುತ್ತದೆ.

"ಅದಕ್ಕ ಕಿವಿ ಐತಿ ಆಯಿ," ಎಂದೆ. "ನೆನಪಿಲ್ಲ. ಒಂದು ಪ್ರಶ್ನಿ ಮುಗಿದ ಕೂಡಲೆ ಎಲ್ಲಾ ಮರೀತೈತಿ."

"ನೀನ ಹಂಗ ಮಾಡೀಯೇನು?"

"ಅದರ ಜಾತಿನ ಹಂಗ. ಆದ್ರ ಒಂದು ಉಪಾಯ ಐತಿ. ಪ್ರಶ್ನಿ ಮುಗಿದ್ರೂ ಉತ್ತರ ಅಳಿಯದಂಗ ಒಂದು ಕಡೆ ಇಟ್ಟಿರೋದು. ಮುಂದ ಯಾರರೆ ಅದನ್ನ ಕೇಳಿದ್ರ ನಿಮ್ಮ ತನಕ ಬರೂದು ಬ್ಯಾಡ, ಅಲ್ಲಿಂದ ಕೊಡ್ತೈತಿ. ಅದಕ್ಕ ಕ್ಯಾಶ್ ಅಂತಾರ."

"ಕ್ಯಾಶ್ ಅಂದ್ರ ರೊಕ್ಕ ಅಲ್ಲೇನು?"

"ಅದಲ್ಲ ಆಯಿ, ಇದು ಬ್ಯಾರೆ."

ಅವಳು ಜ್ಯೇಷ್ಠಮಧುವನ್ನು ಇನ್ನೊಂದು ದವಡೆಗೆ ಸರಿಸಿದಳು. "ಹಂಗಾರ ಬುತ್ತಿ ಕಟ್ಟಿ ಇಡೂದು ಅನ್ನು," ಎಂದಳು. "ಮುಂಜಾನೆ ಒಮ್ಮೆ ಒಲಿ ಹಚ್ಚೂದು, ದಿನಾ ಪೂರ್ತಿ ತಿನ್ನೂದು."

ಆಮೇಲೆ ಕಚೇರಿಯಲ್ಲಿ ಎಲ್ಲರೂ ಅದನ್ನು ಬುತ್ತಿ ಎಂದೇ ಕರೆದರು. ನಾನೂ ಪ್ರೋಗ್ರಾಮಿನಲ್ಲಿ ಅದಕ್ಕೆ ಅದೇ ಹೆಸರು ಕೊಟ್ಟೆ.

ಕಟ್ಟುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಯಾವ ಉತ್ತರ ಎಷ್ಟು ದಿನ ಇರಬೇಕು ಎಂದು ತೀರ್ಮಾನಿಸುವುದು. ನೀರಿನ ಉತ್ತರಕ್ಕೆ ಒಂದು ಗಂಟೆ ಕೊಟ್ಟೆ. ಆಸ್ಪತ್ರೆಯಲ್ಲಿ ಡಾಕ್ಟರು ಇದ್ದಾರೆಯೇ ಎಂಬುದಕ್ಕೆ ಅರ್ಧ ಗಂಟೆ. ಹುಟ್ಟಿದ ದಿನ, ಮನೆಯ ಮೇರೆ, ಯಾರು ಯಾರನ್ನು ವಿಚಾರಿಸಿದರು, ಹೀಗೆ ಹೆಸರು ಹೊತ್ತ ಉಳಿದೆಲ್ಲಕ್ಕೆ ಎಂಟು ದಿನ, ಅದಕ್ಕಿಂತ ಹೆಚ್ಚು ದಿನ ಹೆಸರುಗಳು ನಿಲ್ಲುತ್ತಿರಲಿಲ್ಲ. ಎಂಟು ದಿನಕ್ಕೊಮ್ಮೆ ಮತ್ತೆ ಅವಳನ್ನೇ ಕೇಳಬೇಕಲ್ಲ, ಅದನ್ನೂ ಉಳಿಸೋಣ ಎಂದು ಒಂದು ಸಾಲು ಸೇರಿಸಿದೆ. ಯಾರಾದರೂ ಬುತ್ತಿಯಿಂದ ಒಂದು ಉತ್ತರ ಪಡೆದರೆ ಆಗಲೇ ಆ ಉತ್ತರವನ್ನು ಹೊಸದಾಗಿ ಬರೆದಿಟ್ಟು, ಅದರ ಅವಧಿಯನ್ನು ಮತ್ತೆ ಎಂಟು ದಿನ ಮುಂದಕ್ಕೆ ಎಳೆಯುವ ಸಾಲು. ಮಾಸ್ತರರು ಹಾಜರಿ ಪುಸ್ತಕ ಬರೆದ ಹಾಗೆಯೇ. ಮತ್ತೆ ಮತ್ತೆ ಕೇಳುವ ಉತ್ತರ ಮಾಸುವುದೇ ಇಲ್ಲ. ಅದನ್ನು ಬರೆದ ಸಂಜೆ ನನಗೆ ನನ್ನ ಮೇಲೆಯೇ ಮೆಚ್ಚುಗೆಯಾಗಿತ್ತು. ಯುಗಾದಿಯ ದಿನ ಅದನ್ನು ಹಾಕಿದೆ.

ಅಂದಿನಿಂದ ಮೇಲಿನ ಕೋಣೆ ಶಾಂತವಾಯಿತು. ದಿನಕ್ಕೆ ನೂರು ಪ್ರಶ್ನೆ ಮಾತ್ರ ಅವಳ ತನಕ ಹೋಗುತ್ತಿದ್ದವು. ಬಾಳವ್ವ ಮಧ್ಯಾಹ್ನ ಗಾದಿಯ ಮೇಲೆ ಅಡ್ಡಾಗತೊಡಗಿದಳು. ವೆಬ್‌ಸೈಟಿನ ಕೆಲಸ ಹಿಡಿದಾಗಿನಿಂದ ಒಂದು ಪೂರ್ತಿ ಭಾನುವಾರ ಕಾಣದ ನಾನೂ ಮನೆಯಲ್ಲಿ ಹನ್ನೊಂದು ಗಂಟೆಯವರೆಗೆ ನಿದ್ದೆ ಮಾಡಿದೆ. ಎದ್ದರೂ ಆಯಾಸ ಹೋಗಿರಲಿಲ್ಲ. ಹಳೆಯ ಆಯಾಸ, ಒಂದು ನಿದ್ದೆಗೆ ಹೋಗುವಂಥದ್ದಲ್ಲ ಎಂದುಕೊಂಡೆ.

ಕಚೇರಿಗೆ ಹೋಗುವ ದಾರಿಯಲ್ಲಿ ದಾವಲಸಾಬ ನದಾಫನ ಗಾದಿ ಅಂಗಡಿ ಇತ್ತು. ಅರವತ್ತು ದಾಟಿದ ಮನುಷ್ಯ. ಹತ್ತಿ ಹಿಂಜಿ ಹಿಂಜಿ ಹುಬ್ಬಿನ ಮೇಲೆ ಸದಾ ಬಿಳಿ ನವಿರು ಕೂತಿರುತ್ತಿತ್ತು. ಏಳು ವರ್ಷದ ಹಿಂದೆ ಅವನ ಹೆಂಡತಿ ತೀರಿಕೊಂಡಾಗ, ಬೇರೆ ಊರಿನಲ್ಲಿದ್ದ ಮಗಳು ಮಾಬೂಬಿಗೆ ಅವನು ಹೇಳಿ ಕಳಿಸಿದ್ದು ಒಂದೇ ಮಾತು: ಬದುಕಿದ್ದಾಗ ಬರಲಿಲ್ಲ, ಈಗ ಮಣ್ಣಿಗೂ ಬರಬೇಡ. ಅವಳು ಬರಲಿಲ್ಲ. ನಲವತ್ತನೇ ದಿನ ಮುಗಿಯುವುದರೊಳಗೆ ಅವನ ಸಿಟ್ಟು ಇಳಿದಿತ್ತು. ಆಗ ಹುಡುಕಿದರೆ ಅವಳ ನಂಬರು ಮೊಬೈಲಿನಿಂದ ಹೋಗಿತ್ತು, ವಿಳಾಸದ ಚೀಟಿ ಬರೀ ಕಾಗದವಾಗಿತ್ತು, ಅವಳು ಆ ಊರನ್ನೂ ಬಿಟ್ಟಿದ್ದಳಂತೆ. ಅಂದಿನಿಂದ ಅವನು ದಿನಾ ಬಾಳವ್ವನ ಮೆಟ್ಟಿಲು ಹತ್ತಿ ಕೇಳುತ್ತಿದ್ದ: "ಮಾಬೂಬಿ ನನ್ನ ವಿಚಾರಿಸ್ಯಾಳೇನ್ರಿ?" ವೆಬ್‌ಸೈಟು ಬಂದ ಮೇಲೆ ಮೊಣಕಾಲು ನೋವಿನವನಿಗೆ ಅನುಕೂಲವಾಯಿತು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು, ಕಸ ಹೊಡೆದು, ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಕೇಳುತ್ತಿದ್ದ. ಉತ್ತರ ಓದಿ ಮೊಬೈಲನ್ನು ಅಂಗಿಯ ಕಿಸೆಯಲ್ಲಿಟ್ಟು ಕೆಲಸಕ್ಕೆ ಕೂರುತ್ತಿದ್ದ. ನಾನು ದಾಟುವಾಗ, "ಆರಾಮ್ರಿ ಬಾಯಾರ?" ಎನ್ನುತ್ತಿದ್ದ. "ಆರಾಮ್ ಚಾಚಾ," ಎನ್ನುತ್ತಿದ್ದೆ.

ಶ್ರಾವಣದ ಒಂದು ಬುಧವಾರ ಮೂರು ಗಂಟೆಯ ಹೊತ್ತಿಗೆ ನಾನು ಬಾಳವ್ವನಿಗೆ ಚಹಾ ತೆಗೆದುಕೊಂಡು ಹೋದೆ. ಅವಳು ಕಿಟಕಿಯ ಕಡೆ ನೋಡುತ್ತ ಕೂತಿದ್ದಳು. ಬಸಿಯಲ್ಲಿ ಚಹಾ ಹಾಕಿಕೊಟ್ಟರೂ ಮುಟ್ಟಲಿಲ್ಲ.

"ಇವತ್ತ ಒಂದು ಹುಡುಗಿ ಬಂದಿತ್ತು," ಎಂದಳು. "ಹುಡುಗಿ ಏನ್ ಬಂತು, ಮೂವತ್ತು ದಾಟ್ಯಾವ. ಮೆಟ್ಟಲಾ ಹತ್ತಿ ಬಂದು, ದಮ್ಮ ಹತ್ತಿ, ಅಲ್ಲೇ ಬಾಗಲದಾಗ ಕುಂತಿತ್ತು. ದಾವಲಸಾಬನ ಮಗಳು."

"ಮಾಬೂಬಿನಾ?"

"ಹೂಂ. ನಮ್ಮಪ್ಪ ನನ್ನ ಕೇಳ್ತಾನೇನು ಆಯಿ ಅಂತು. ಇದ್ದದ್ದು ಹೇಳ್ದೆ. ಏಳು ವರ್ಷ ದಿನಾ ತಪ್ಪದಂಗ ಕೇಳಿದ, ಯುಗಾದಿ ಮುಂದ ಕೇಳೂದು ಬಿಟ್ಟಾನ, ಐದು ತಿಂಗಳಾತು ಅಂದೆ. ಮಾರಿ ಸಣ್ಣದು ಮಾಡಿಕೊಂತು. 'ಹಂಗಾರ ಬ್ಯಾಸರಾಗೇತಿ ಅವಂಗ' ಅಂದು ಎದ್ದು ಹೋತು."

ಚಹಾದ ಕೆಟಲಿಯನ್ನು ನಾನು ಎಲ್ಲಿಟ್ಟೆನೋ ನೆನಪಿಲ್ಲ. ಅವತ್ತು ಬೆಳಿಗ್ಗೆಯೂ ದಾವಲಸಾಬ ಕಟ್ಟೆಯ ಮೇಲೆ ಕೂತು ಮೊಬೈಲು ಒತ್ತುತ್ತಿದ್ದುದನ್ನು ನಾನೇ ಕಂಡಿದ್ದೆ. ಹಿಂದಿನ ದಿನವೂ ಕಂಡಿದ್ದೆ. ದಿನಾ ಕೇಳುವ ಪ್ರಶ್ನೆ, ದಿನಾ ಅದೇ "ಇಲ್ಲ". ಯುಗಾದಿಯ ದಿನ ಬಾಳವ್ವ ಹೇಳಿದ "ಇಲ್ಲ" ಬುತ್ತಿಯೊಳಗೆ ಕೂತಿತ್ತು. ಅವನು ಕೇಳಿದಾಗಲೆಲ್ಲ ನನ್ನ ಆ ಒಂದು ಸಾಲು ಅದನ್ನು ಹೊಸದಾಗಿ ಬರೆದು ಮತ್ತೆ ಎಂಟು ದಿನ ಮುಂದಕ್ಕೆ ತಳ್ಳುತ್ತಿತ್ತು. ಅದು ಹಳಸಲೇ ಇಲ್ಲ, ಅಥವಾ ಹಳಸಿದ್ದು ಯಾರಿಗೂ ವಾಸನೆ ಬರಲಿಲ್ಲ. ಅವನ ಪ್ರಶ್ನೆ ಕೆಳಗಿನ ಕೋಣೆಯಲ್ಲೇ ತಿರುಗಿ ಹೋಗುತ್ತಿತ್ತು, ಮೇಲೆ ಬಾಳವ್ವನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಕಿವಿಗೆ ಬೀಳದ್ದನ್ನು ಅವಳು ಹೇಗೆ ಹೇಳಿಯಾಳು.

"ಆಯಿ, ಅಂವ ಬಿಟ್ಟಿಲ್ಲ," ಎಂದೆ. "ದಿನಾ ಕೇಳ್ಯಾನ. ಇವತ್ತೂ ಕೇಳ್ಯಾನ. ನಿಮ್ಮ ತನಕ ಬಂದಿಲ್ಲ ಅಷ್ಟ. ಬುತ್ತಿ."

ಬಾಳವ್ವ ನನ್ನನ್ನೇ ನೋಡಿದಳು. ಅವಳಿಗೆ ಅರ್ಥವಾಗಲು ಬಹಳ ಹೊತ್ತು ಬೇಕಾಗಲಿಲ್ಲ. "ಎರಡೂವರಿಗೆ ಹೋಗ್ಯಾಳ," ಎಂದಳು. "ಓಡು."

ಓಡಿದೆ. ನಲವತ್ನಾಲ್ಕರ, ವರ್ಷಾನುಗಟ್ಟಲೆ ಕುರ್ಚಿಯಲ್ಲಿ ಕೂತ ಮೈ. ಸಂತೆಪೇಟೆಯ ತಿರುವಿನಲ್ಲಿ ಪಕ್ಕೆ ಹಿಡಿದು ನಿಂತೆ, ಮತ್ತೆ ಓಡಿದೆ. ಬಸ್ ಸ್ಟ್ಯಾಂಡಿನಲ್ಲಿ ಕಡಲೆ ಹುರಿಯುತ್ತಿದ್ದ ಹೆಂಗಸನ್ನು ಕೇಳಿದರೆ, ನೀಲಿ ಚೀಲದ ಒಬ್ಬಾಕೆ ಕಲ್ಲು ಬೆಂಚಿನ ಮೇಲೆ ಅಳುತ್ತ ಕೂತಿದ್ದಳು, ಆಮೇಲೆ ಹೋದಳು ಎಂದಳು. ಯಾವ ಬಸ್ಸು? ಅಷ್ಟು ಹೊತ್ತಿನಲ್ಲಿ ಮೂರು ಬಸ್ಸು ಮೂರು ದಿಕ್ಕಿಗೆ ಹೋಗಿದ್ದವು. ಅವಳು ಕಡಲೆ ಹುರಿಯುತ್ತಿದ್ದಳು, ಬೋರ್ಡು ಓದುತ್ತಿರಲಿಲ್ಲ. ಕಂಟ್ರೋಲರನಿಗೂ ಗೊತ್ತಿರಲಿಲ್ಲ. ನಾನು ಆ ಕಲ್ಲು ಬೆಂಚಿನ ಮೇಲೆಯೇ ಕೂತು ಉಸಿರು ಸುಧಾರಿಸಿಕೊಂಡೆ.

ಅಲ್ಲಿಂದ ಕಚೇರಿಗೆ ಹೋಗುವ ದಾರಿ ದಾವಲಸಾಬನ ಅಂಗಡಿಯ ಮುಂದೆಯೇ. ಬೇರೆ ಓಣಿಯಿಂದ ಸುತ್ತಿ ಹೋಗಬಹುದಿತ್ತು. ಒಂದು ಗಳಿಗೆ ಅದನ್ನೇ ಯೋಚಿಸಿದೆ ಎಂದು ಒಪ್ಪಿಕೊಳ್ಳಬೇಕು.

ಅವನು ಒಂದು ದೊಡ್ಡ ಗಾದಿಗೆ ದಬ್ಬಣದಿಂದ ಹೊಲಿಗೆ ಹಾಕುತ್ತಿದ್ದ. ನಾನು ಕಟ್ಟೆಯ ಮೇಲೆ ಕೂತು ಹೇಳಿದೆ. ಸುತ್ತಿ ಬಳಸಿ ಹೇಳಲು ಪ್ರಯತ್ನಪಟ್ಟೆ, ಆಗಲಿಲ್ಲ. ಅವನ ಮಗಳು ಬಂದಿದ್ದಳು, ಕೇಳಿದಳು, ಅಪ್ಪ ಕೇಳುವುದು ಬಿಟ್ಟಿದ್ದಾನೆ ಎಂಬ ಉತ್ತರ ತೆಗೆದುಕೊಂಡು ಹೋದಳು, ಹಾಗಾಗಲು ಕಾರಣ ನಾನು ಬರೆದ ಒಂದು ಸಾಲು. ಅವನು ದಬ್ಬಣವನ್ನು ಗಾದಿಗೆ ಚುಚ್ಚಿ ಹಾಗೆಯೇ ಬಿಟ್ಟ.

"ಬಂದಿದ್ಲಾ," ಎಂದ.

"ಹೌದು ಚಾಚಾ."

"ಮೆಟ್ಟಲಾ ಹತ್ತಿ ಬಂದ್ಲಂತ?"

"ಹೌದು."

"ದಪ್ಪ ಆಗ್ಯಾಳಂತೋ, ಸೊರಗ್ಯಾಳಂತೋ?"

"ಅದನ್ನ ನಾ ಕೇಳಲಿಲ್ಲ."

"ಚಹಾ ಕೊಟ್ರೇನು ಅಕಿಗೆ?"

ಅದೂ ನನಗೆ ಗೊತ್ತಿರಲಿಲ್ಲ. ಅವನು ಕಿಸೆಯಿಂದ ಮೊಬೈಲು ತೆಗೆದು ಅದರ ಮುಖ ನೋಡಿದ. "ಹಂಗಾರ ನಾ ಐದು ತಿಂಗಳು ಓದಿದ್ದು ಒಂದ ಉತ್ತರ. ದಿನಾ ಮುಂಜಾನೆ ಬಾಳವ್ವ ನನ್ನ ಹೆಸರು ಕೇಳಿ, ನೆನಿಸಿ, ಇಲ್ಲಪಾ ಅಂತಾಳ ಅಂತ ತಿಳಕೊಂಡಿದ್ದೆ ನಾನು." ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮೊಬೈಲನ್ನು ಹತ್ತಿಯ ರಾಶಿಯ ಮೇಲೆ ಇಟ್ಟು, "ನೀವು ಹೋಗ್ರಿ ಬಾಯಾರ, ಕತ್ತಲಾಗ್ತದ," ಎಂದ. ಇನ್ನೂ ನಾಲ್ಕು ಗಂಟೆ ಆಗಿತ್ತಷ್ಟೇ.

ಕಚೇರಿಗೆ ಬಂದವಳೇ ಬುತ್ತಿಯನ್ನು ಪೂರ್ತಿ ಕಿತ್ತುಹಾಕಲು ಕೂತೆ. ಎಲ್ಲ ಪ್ರಶ್ನೆಗಳೂ ಮೊದಲಿನ ಹಾಗೆ ಮೇಲೆ ಹೋಗಲಿ. ಅಷ್ಟರಲ್ಲಿ ಬಾಳವ್ವ ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದು ಬಂದಳು. ಹಗಲು ಹೊತ್ತಿನಲ್ಲಿ ಅವಳು ಕೆಳಗಿಳಿದದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಸಿಗಲಿಲ್ಲಲ್ಲ?"

"ಇಲ್ಲ ಆಯಿ."

"ಏನ್ ಮಾಡಾಕತ್ತೀ?"

"ಎಲ್ಲಾ ತೆಗೀತೇನಿ."

"ಎಲ್ಲಾ ತೆಗೀಬ್ಯಾಡ," ಎಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತಳು. "ನೀರಿಂದು ಇರಲಿ. ಡಾಕ್ಟರಂದು ಇರಲಿ. ನಲ್ಲಿ ಯಾವಾಗ ಬರ್ತೈತಿ ಅಂತ ಕೇಳಾವ್ರನ್ನ ನೆನಪಿಟ್ಟು ನಾ ಏನ್ ಮಾಡ್ಲಿ? ಒಬ್ರು ಇನ್ನೊಬ್ರನ್ನ ವಿಚಾರಿಸೂದು ಮಾತ್ರ ನನ್ನ ಹಂತೇಕ ಬರಲಿ, ದಿನಾ ಬಂದ್ರ ದಿನಾ ಬರಲಿ."

"ನಿಮಗ ದಣಿವಾಗ್ತೈತಿ."

"ಆಗ್ತೈತಿ. ಆದ್ರ ಆ ಹುಡುಗಿಗೆ ನಾ ಸುಳ್ಳು ಹೇಳಿ ಕಳಿಸೇನಿ, ಕಸ್ತೂರಿ. ನಲವತ್ತೆಂಟು ವರ್ಷದಾಗ ಇದ ಮೊದಲು. ಅದು ನನ್ನ ತಲ್ಯಾಗಿಂದ ಹೋಗೂದಲ್ಲ, ನಿನಗ ಗೊತ್ತೈತಿ." ನನ್ನ ಪರದೆಯ ಕಡೆ ಬಗ್ಗಿ ಕೇಳಿದಳು, "ಇದೊಂದ ಹಿಂಗಾಗೇತೋ, ಇನ್ನೂ ಅದಾವೋ?"

ನನಗೆ ಅದೇ ಭಯವಿತ್ತು. ಐದು ತಿಂಗಳಲ್ಲಿ ಎಷ್ಟು ಜನ ಹೀಗೆ ಹಳೆಯ "ಇಲ್ಲ" ಓದಿದ್ದರೋ, ಎಷ್ಟು ಜನರ ಪ್ರಶ್ನೆ ಬಾಳವ್ವನಿಗೆ ಮುಟ್ಟದೆ ಎದುರಿನವರು ಮುನಿಸಿನಲ್ಲೇ ಉಳಿದಿದ್ದರೋ, ತಿಳಿಯುವ ದಾರಿ ಇರಲಿಲ್ಲ. ಪ್ರಶ್ನೆ ಮುಗಿದ ಕೂಡಲೇ ಕೇಳಿದವರ ಗುರುತು ಪ್ರೋಗ್ರಾಮಿನಿಂದ ಹೋಗಿರುತ್ತಿತ್ತು. ಯಾರೆಂದು ಹುಡುಕಿ ಹೋಗಿ ಕ್ಷಮೆ ಕೇಳುವುದು? ಕೊನೆಗೆ ತೋಚಿದ್ದು ಒಂದೇ. ವೆಬ್‌ಸೈಟಿನ ಮೊದಲ ಪುಟದಲ್ಲಿ, ಎಲ್ಲಕ್ಕಿಂತ ಮೇಲೆ, ಹೀಗೆ ಬರೆದೆ: "ನಿಮ್ಮವರು ನಿಮ್ಮನ್ನು ವಿಚಾರಿಸಿದ್ದಾರೆಯೇ ಎಂದು ಯುಗಾದಿಯಿಂದ ಈಚೆಗೆ ಕೇಳಿದವರು ದಯವಿಟ್ಟು ಇನ್ನೊಮ್ಮೆ ಕೇಳಿ. ನಿಮಗೆ ಸಿಕ್ಕ ಉತ್ತರ ಹಳೆಯದಾಗಿರಬಹುದು, ತಪ್ಪಾಗಿರಬಹುದು. ತಪ್ಪು ನಮ್ಮದು." ಅದರಲ್ಲಿ ಯಾರ ಹೆಸರೂ ಇರಲಿಲ್ಲ, ಆದ್ದರಿಂದ ಅದು ಮಾಸುತ್ತಿರಲಿಲ್ಲ.

ಮರುದಿನ ರಾಚಯ್ಯನವರು ಕರೆಸಿದರು. "ತಪ್ಪು ನಮ್ಮದು ಅಂತ ಪುರಸಭೆ ಪುಟದಾಗ ಹಾಕೂದೇನ್ರಿ? ನಾಳೆ ಯಾರರೆ ನನ್ನ ಮದುವಿ ಮುರೀತು ನಿಮ್ಮಿಂದ ಅಂತ ಬಂದ್ರ?"

"ಬರಬಹುದ್ರಿ ಸಾಹೇಬ್ರ. ಮುರಿದಿದ್ರೂ ಮುರಿದಿರಬಹುದು."

"ತಾಂತ್ರಿಕ ಕಾರಣ ಅಂತ ಹಾಕ್ರಿ."

"ಹಂಗ ಹಾಕಿದ್ರ ಯಾರೂ ಮತ್ತ ಕೇಳೂದಿಲ್ರಿ. ನೀರು ಬರಲಿಲ್ಲ ಅಂದ್ರೂ ನಾವು ಅದನ್ನ ಅಂತೀವಿ."

ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಕೆಟ್ಟ ಮನುಷ್ಯರಲ್ಲ. ಅವರಿಗೂ ಸಾಕಾಗಿತ್ತು. "ಒಂದು ತಿಂಗಳು ಇರಲಿ," ಎಂದರು. ಒಂದು ತಿಂಗಳ ಮೇಲೆ ಅವರು ಕೇಳಲಿಲ್ಲ, ನಾನು ತೆಗೆಯಲಿಲ್ಲ.

ಮೊದಲ ವಾರ ಪ್ರಶ್ನೆಗಳು ಪ್ರವಾಹದ ಹಾಗೆ ಬಂದವು. ಬಾಳವ್ವ ಬೆಳಗಿನಿಂದ ಸಂಜೆಯವರೆಗೆ "ಹೌದು, ಕೇಳ್ಯಾರ", "ಇಲ್ಲ, ಇನ್ನೂ ಕೇಳಿಲ್ಲ" ಎನ್ನುತ್ತಲೇ ಇದ್ದಳು. ಗಂಟಲು ಕೂತುಹೋಯಿತು. ಬೆನ್ನು ಹಿಡಿದುಕೊಂಡಿತು. ನಾನು ಪಕ್ಕದಲ್ಲಿ ಕೂತು ಬಿಸಿನೀರು ಕೊಡುತ್ತಿದ್ದೆ. ಮಧ್ಯೆ ಮಧ್ಯೆ ಯಾರೋ ಒಬ್ಬರು ಮೆಟ್ಟಿಲು ಹತ್ತಿ ಬಂದು ಉಂಡಿಯ ಡಬ್ಬಿ ಇಟ್ಟುಹೋಗುತ್ತಿದ್ದರು. ಒಬ್ಬಾಕೆ ಮಾತ್ರ ಬಾಗಿಲಲ್ಲಿ ನಿಂತು, ತನ್ನ ಅಣ್ಣ ಆಷಾಢದಲ್ಲಿ ತೀರಿಕೊಂಡ, ಈಗ ನೀವು ಹೌದು ಅಂದರೆ ಏನು ಬಂತು ಎಂದು ಕೇಳಿದಳು. ಬಾಳವ್ವ ಮೈಕನ್ನು ಕೆಳಗಿಟ್ಟಳು. ಆಕೆ ಮೆಟ್ಟಿಲು ಇಳಿದು ಹೋದಳು. ಈಗಲೂ ಕೆಲವೊಮ್ಮೆ ಕೆಲಸದ ನಡುವೆ ಆ ಮುಖ ಎದುರಿಗೆ ಬರುತ್ತದೆ.

ದಾವಲಸಾಬ ಮೊಬೈಲಿನಲ್ಲಿ ಕೇಳುವುದನ್ನು ಬಿಟ್ಟ. ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬೆಳಿಗ್ಗೆ ಹತ್ತಕ್ಕೆ ಬರುತ್ತಿದ್ದ. ಬಾಳವ್ವ ಅವನ ಪ್ರಶ್ನೆ ಪೂರ್ತಿ ಕೇಳಿಸಿಕೊಂಡು, "ಬುಧವಾರ ಬಂದು ಕೇಳ್ಯಾಳ, ಆಮ್ಯಾಲ ಕೇಳಿಲ್ಲಪಾ," ಎನ್ನುತ್ತಿದ್ದಳು. ದಿನಾ ಅದೇ ಮಾತು, ಆದರೆ ದಿನಾ ಅವಳ ಬಾಯಿಂದಲೇ. ಅವಳು ಬೆನ್ನಿಗೆ ಕೈ ಕೊಟ್ಟುಕೊಂಡು ಕೂರುವುದನ್ನು ನಾಲ್ಕು ದಿನ ನೋಡಿದ ಅವನು ಐದನೆಯ ದಿನ ಒಂದು ಹೊರೆ ಹೊಸ ಹತ್ತಿ ತಂದ. ಅವಳ ಗಾದಿ ಒತ್ತಿ ಒತ್ತಿ ಹಲಗೆಯಂತಾಗಿತ್ತು. ಅದನ್ನು ಬಿಚ್ಚಿ, ಹಳೆಯ ಹತ್ತಿಯ ಗಂಟುಗಳನ್ನು ಕೈಯಿಂದಲೇ ಬಿಡಿಸಿ, ಹೊಸದನ್ನು ಸೇರಿಸಿ, ಅಲ್ಲಿಯೇ ಮೂಲೆಯಲ್ಲಿ ಕೂತು ಹೊಲಿಯತೊಡಗಿದ. ಎರಡು ದಿನದ ಕೆಲಸವನ್ನು ವಾರಗಟ್ಟಲೆ ಎಳೆದ. ಯಾರೂ ಅವನನ್ನು ಏಳು ಎನ್ನಲಿಲ್ಲ.

ಹೀಗೆ ಭಾದ್ರಪದವೂ ಅರ್ಧ ಕಳೆಯಿತು. ಒಂದು ಶುಕ್ರವಾರ ಹನ್ನೊಂದು ಗಂಟೆಗೆ ನಾನು ಮೇಲೆಯೇ ಇದ್ದೆ. ಸ್ಪೀಕರಿನ ತಂತಿ 'ಗರ್' ಎನ್ನುತ್ತಿತ್ತು, ಬದಲಿಸಲು ಹೋಗಿದ್ದೆ. ದಾವಲಸಾಬ ಗಾದಿಯ ಅಂಚಿಗೆ ಹೊಲಿಗೆ ಹಾಕುತ್ತಿದ್ದ. ತಂತಿ ಸಿಕ್ಕಿಸಿದ ಮೇಲೆ ಬಂದ ಎರಡನೆಯ ಪ್ರಶ್ನೆಯನ್ನು ಸ್ಪೀಕರ್ ತನ್ನ ಏರಿಳಿತವಿಲ್ಲದ ದನಿಯಲ್ಲಿ ಓದಿತು: "ಗಾದಿ ಅಂಗಡಿ ದಾವಲಸಾಬ ತನ್ನ ಮಗಳನ್ನು ವಿಚಾರಿಸಿದ್ದಾನೆಯೇ. ಪುಟದಲ್ಲಿ ಇನ್ನೊಮ್ಮೆ ಕೇಳಿ ಎಂದು ಬರೆದಿದೆ. ಅದಕ್ಕೆ ಕೇಳುತ್ತಿದ್ದೇನೆ."

ದಾವಲಸಾಬನ ದಬ್ಬಣ ಅರ್ಧ ಹೊಲಿಗೆಯಲ್ಲೇ ನಿಂತಿತು. ಉತ್ತರಕ್ಕೆ ಒಂದು ನಿಮಿಷದ ಗಡುವಿತ್ತು. ಅದು ದಾಟಿದರೆ ಪ್ರಶ್ನೆ ಬಿದ್ದುಹೋಗುತ್ತಿತ್ತು. ಬಾಳವ್ವ ಮೈಕನ್ನು ತನ್ನ ಕಡೆ ಎಳೆದುಕೊಂಡಳು. ಆಮೇಲೆ ತಂತಿ ಸಮೇತ ಅದನ್ನು ಎತ್ತಿ ದಾವಲಸಾಬನ ಮುಂದೆ ಹಿಡಿದಳು.

"ನೀನ ಹೇಳು," ಎಂದಳು.

ಅವನು ದಬ್ಬಣ ಹಿಡಿದ ಕೈಯನ್ನು ಅಂಗಿಗೆ ಒರೆಸಿಕೊಂಡ. ಮೈಕಿನ ಹತ್ತಿರ ಬಗ್ಗಿದ. ಏಳು ವರ್ಷದಿಂದ ಏನೇನು ಕೂಡಿಸಿ ಇಟ್ಟುಕೊಂಡಿದ್ದನೋ, ಅದರಲ್ಲಿ ಒಂದೂ ಬರಲಿಲ್ಲ. ನಾನು ಪರದೆಯ ಮೇಲೆ ಸೆಕೆಂಡುಗಳನ್ನು ನೋಡುತ್ತಿದ್ದೆ. ಮೂವತ್ತೈದು, ನಲವತ್ತು, ನಲವತ್ತೆಂಟು.

"ಊಟ ಆತೇನವಾ?" ಎಂದ.

ಅಕ್ಷರಗಳು ಮೂಡಿದವು, ಹೋದವು. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು. ಪ್ರೋಗ್ರಾಮಿಗೆ ಇನ್ನು ಅವಳು ಯಾರೆಂದು ಗೊತ್ತಿರಲಿಲ್ಲ, ಅವನು ಏನಂದನೆಂದು ಗೊತ್ತಿರಲಿಲ್ಲ. ಅದು ಸುಮ್ಮನೆ ಖಾಲಿಯಾಗಿ ನಿಂತಿತ್ತು. ಮುಂದಿನ ಪ್ರಶ್ನೆ ಯಾರದೋ ಮನೆಯ ಮೇರೆಯದು. ಬಾಳವ್ವ ಮೈಕು ಕಿತ್ತುಕೊಂಡು ನಾಲ್ಕು ಮಾತಿನಲ್ಲಿ ಮುಗಿಸಿ ಮತ್ತೆ ಅವನ ಮುಂದೆ ಹಿಡಿದಳು. ಅದರ ಮುಂದಿನದು ಒಂದು ಚುಚ್ಚುಮದ್ದಿನದು. ದಾವಲಸಾಬ ಸ್ಪೀಕರಿನಿಂದ ಕಣ್ಣು ತೆಗೆಯಲಿಲ್ಲ. ಅದರ ಬಲೆಯ ಮೇಲೆ ಹತ್ತಿಯ ಒಂದು ಎಳೆ ಕೂತು ಮಾತು ಬಂದಾಗಲೆಲ್ಲ ಅಲುಗುತ್ತಿತ್ತು.

ಆಮೇಲೆ ಅದು ಓದಿತು: "ಆತು. ನಿಂದು?"

ದಾವಲಸಾಬ ನನ್ನ ಕಡೆ ನೋಡಿದ, ಇದು ಹಳೆಯದಲ್ಲವಷ್ಟೇ ಎಂದು ಕೇಳುವವನ ಹಾಗೆ. ಈಗಿನದೇ ಎಂದು ಗೋಣು ಹಾಕಿದೆ. ಅವನು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬೆಳಿಗ್ಗೆ ಏನು ಉಂಡೆ ಎಂದು ಹೇಳತೊಡಗಿದ. ಜೋಳದ ರೊಟ್ಟಿ, ಹೆಸರುಕಾಳು, ಪಕ್ಕದ ಮನೆಯವರು ಕೊಟ್ಟ ಶೇಂಗಾ ಚಟ್ನಿ. ಕೆಳಗೆ ಉಳಿದವರ ಪ್ರಶ್ನೆಗಳು ಒಂದರ ಹಿಂದೆ ಒಂದು ಬಂದು ಪಾಳಿಯಲ್ಲಿ ನಿಲ್ಲುತ್ತಿದ್ದವು, ಪರದೆಯ ಮೇಲೆ ಸಂಖ್ಯೆ ಏರುತ್ತಿತ್ತು. ನಾನು ಪರದೆಯನ್ನು ಗೋಡೆಯ ಕಡೆ ತಿರುಗಿಸಿ, ಬಾಳವ್ವನ ಪಕ್ಕದಲ್ಲಿ, ಅರ್ಧ ಹೊಲಿದ ಗಾದಿಯ ಮೇಲೆ ಕೂತೆ.